ಜಾಲಸಾಧನಗಳ ವಿನ್ಯಾಸ ಕಡತ: ರಕ್ಷಣೆ ಮತ್ತು ಪರಿಷ್ಕರಣ

ಓಲೆಗರಿಯ ಗ್ರಂಥವನ್ನು ಪ್ರತಿಮಾಡುವ ಲಿಪಿಕಾರನು ಒಂದಕ್ಷರ ತಪ್ಪಿದರೆ ಅರ್ಥವೇ ಕೆಡುವುದುಂಟು. ಆದರೆ ಬೇರೊಂದು ಶುದ್ಧ ಪ್ರತಿಯಿದ್ದಲ್ಲಿ ಮೂಲಪಾಠವನ್ನು ಮರಳಿ ಪಡೆಯಬಹುದು. ಗಣಕಯಂತ್ರಗಳ ಜಾಲದಲ್ಲಿ ಸಂದೇಶಗಳಿಗೆ ದಾರಿ ತೋರುವ ರೂಟರ್ ಎಂಬ ಸಾಧನಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಯಾವ ದ್ವಾರಕ್ಕೆ ಯಾವ ವಿಳಾಸ, ಯಾರಿಗೆ ಪ್ರವೇಶ, ಯಾರಿಗೆ ನಿಷೇಧ ಎಂಬ ವಿಧಿಗಳೆಲ್ಲವೂ ಅದರ ವಿನ್ಯಾಸ ಕಡತದಲ್ಲಿ ಅಡಕವಾಗಿರುತ್ತವೆ.

ಸಿಸ್ಕೊ ಸಂಸ್ಥೆಯ ರೂಟರುಗಳಲ್ಲಿ ಈ ಕಡತಕ್ಕೆ ಎರಡು ರೂಪಗಳಿವೆ. 'ರನ್ನಿಂಗ್ ಕಾನ್ಫಿಗ್' ಎಂಬುದು ತತ್ಕಾಲದಲ್ಲಿ ಆಚರಣೆಯಲ್ಲಿರುವ ಪಾಠ. ಅದು ವಿದ್ಯುತ್ತು ನಿಂತೊಡನೆ ಅಳಿಯುವ ಸ್ಮೃತಿಯಲ್ಲಿರುತ್ತದೆ. 'ಸ್ಟಾರ್ಟಪ್ ಕಾನ್ಫಿಗ್' ಅಳಿಯದ ಸ್ಮೃತಿಯಲ್ಲಿದ್ದು, ಯಂತ್ರವು ಪುನಃ ಎಚ್ಚೆತ್ತಾಗ ಅದನ್ನೇ ಓದಿಕೊಳ್ಳುತ್ತದೆ. ಆದುದರಿಂದ ಮೊದಲನೆಯದನ್ನು ಎರಡನೆಯದಕ್ಕೆ ಪ್ರತಿಮಾಡದಿದ್ದರೆ, ಮಾಡಿದ ತಿದ್ದುಪಾಟೆಲ್ಲವೂ ವಿದ್ಯುತ್ತಿನೊಡನೆ ಮಾಯವಾಗುವುದು.

ಈ ಮರೆವನ್ನೇ ಕುಶಲಿಯು ರಕ್ಷೆಯಾಗಿ ಬಳಸುತ್ತಾನೆ. ದೂರದ ರೂಟರನ್ನು ತಿದ್ದುವಾಗ ಒಂದು ತಪ್ಪು ಸಾಲು ತಿದ್ದುವವನ ದಾರಿಯನ್ನೇ ಮುಚ್ಚಿಬಿಡಬಹುದು. ಆದಕಾರಣ ಹತ್ತು ನಿಮಿಷಗಳ ತರುವಾಯ ಪುನರಾರಂಭವಾಗತಕ್ಕದ್ದೆಂದು ಮೊದಲೇ ಆಜ್ಞಾಪಿಸಿ, ಬಳಿಕ ತಿದ್ದುವುದು ಲೇಸು. ಸಂಪರ್ಕ ಉಳಿದರೆ ಆ ಆಜ್ಞೆಯನ್ನು ರದ್ದುಗೊಳಿಸಿ ಹೊಸ ಪಾಠವನ್ನು ಸ್ಥಿರಗೊಳಿಸಬಹುದು. ಕಡಿದರೆ ಯಂತ್ರವು ತಾನಾಗಿಯೇ ಹಳೆಯ ಪಾಠಕ್ಕೆ ಮರಳುತ್ತದೆ. ಜುನಿಪರ್ ಸಾಧನಗಳಲ್ಲಿ 'ಕಮಿಟ್ ಕನ್‌ಫರ್ಮ್ಡ್' ಎಂಬ ಆಜ್ಞೆಯು, ನಿಗದಿತ ಅವಧಿಯಲ್ಲಿ ದೃಢೀಕರಣ ಬಾರದಿದ್ದರೆ, ಪುನರಾರಂಭವಿಲ್ಲದೆಯೇ ಹಿಂದಿನ ವಿನ್ಯಾಸವನ್ನು ತರುತ್ತದೆ.

ನೂರಾರು ಸಾಧನಗಳಿರುವಲ್ಲಿ ಸ್ಕ್ರಿಪ್ಟ್ ಎಂಬ ಆಜ್ಞಾವಳಿಯು ಎಲ್ಲವನ್ನೂ ಒಮ್ಮೆಗೇ ತಿದ್ದುತ್ತದೆ. ಅದರಲ್ಲಿ ದೋಷವಿದ್ದರೆ ಆ ದೋಷವೂ ಎಲ್ಲೆಡೆ ಹಬ್ಬುತ್ತದೆ. ಮೊದಲು ಒಂದರಲ್ಲಿ, ಅನಂತರ ಕೆಲವಲ್ಲಿ ಪರೀಕ್ಷಿಸಿ ಮುಂದುವರಿಯುವುದೇ ವಿವೇಕ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕಿನ ಜಾಲದಲ್ಲಿ ನಿರ್ವಹಣಾ ಕಾರ್ಯದ ಒಂದು ಆಜ್ಞೆಯು ಬೆನ್ನೆಲುಬಿನಂತಿದ್ದ ಸಂಪರ್ಕಗಳನ್ನೆಲ್ಲ ಕಡಿದುಹಾಕಿತು. ಅಂಥ ಆಜ್ಞೆಯನ್ನು ತಡೆಯಬೇಕಾಗಿದ್ದ ಪರೀಕ್ಷಕ ತಂತ್ರಾಂಶದಲ್ಲಿಯೇ ದೋಷವಿದ್ದಿತು. ದೂರದಿಂದ ಸರಿಪಡಿಸುವ ದಾರಿಯೂ ಮುಚ್ಚಿದುದರಿಂದ ಎಂಜಿನಿಯರುಗಳು ಸ್ಥಳಕ್ಕೇ ತೆರಳಬೇಕಾಯಿತು. ಸೇವೆಯು ಸುಮಾರು ಆರು ಗಂಟೆಗಳ ಕಾಲ ಸ್ಥಗಿತವಾಗಿತ್ತು.

ಇದರಿಂದ ಮೂರು ನಿಯಮಗಳು ಫಲಿಸುತ್ತವೆ. ಕಡತದ ಪ್ರತಿಯು ಸಾಧನದ ಹೊರಗೂ ಇರಬೇಕು; ಅದರಲ್ಲಿ ಗುಪ್ತಪದಗಳಿರುವುದರಿಂದ ಕಾಪಾಡಿಕೊಳ್ಳಬೇಕು. ಯಾರು, ಯಾವಾಗ, ಏಕೆ ತಿದ್ದಿದರೆಂಬ ದಾಖಲೆಯನ್ನು ಇಡಬೇಕು. ಮೂರನೆಯದಾಗಿ, ಆ ಪ್ರತಿಯಿಂದ ಸಾಧನವನ್ನು ಮರಳಿ ನಡೆಸಲು ಸಾಧ್ಯವೇ ಎಂಬುದನ್ನು ವಿಪತ್ತಿಗೆ ಮುನ್ನವೇ ಪರೀಕ್ಷಿಸಬೇಕು. ಓದಲು ಬಾರದ ಪ್ರತಿಯು ಇದ್ದೂ ಇಲ್ಲದಂತೆಯೇ ಸರಿ.