ಚಳಿಗೆ ಹಳೆ ಬೈಕ್ ಸ್ಟಾರ್ಟ್ ಆಗದಿದ್ದರೆ ಏನು ಮಾಡಬೇಕು?



ಮಲೆನಾಡಿನಲ್ಲಿ ಡಿಸೆಂಬರ್-ಜನವರಿಯ ಬೆಳಗ್ಗೆ ಡೇರಿಗೆ ಹಾಲು ಒಯ್ಯುವ ಹೊತ್ತಿಗೇ ಹಳೆ ಬೈಕ್ ಹಠ ಹಿಡಿಯುವುದುಂಟು. ಕಿಕ್ ಹೊಡೆದೂ ಹೊಡೆದೂ ಕಾಲು ಸೋತುಹೋಗ್ತದೆ. ಡೇರಿ ಸಮಯ ಮೀರಿದರೆ ಆ ಹೊತ್ತಿನ ಹಾಲಿನ ದುಡ್ಡು ಹೋದಂತೆ. ಗಾಬರಿಯಲ್ಲಿ ಕಾರ್ಬೊರೇಟರನ್ನೇ ಬದಲಿಸಿದರೆ ಕೈಯಲ್ಲಿದ್ದ ಉಳಿತಾಯವೂ ಖಾಲಿ. ಆದ್ದರಿಂದ ಮೊದಲು ಖರ್ಚಿಲ್ಲದ ಪರೀಕ್ಷೆಗಳನ್ನು ಕ್ರಮವಾಗಿ ಮಾಡೋಣ.

ಯಾಕೆ ಹೀಗಾಗ್ತದೆ?

ಉರಿಯುವುದು ಪೆಟ್ರೋಲಿನ ಆವಿ. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಕೂಡ ಬೆರೆತಿರುವುದರಿಂದ ತಣ್ಣಗಿನ ಇಂಜಿನ್‌ಗೆ ಇನ್ನಷ್ಟು ಕಷ್ಟ. ಚೋಕ್ ಹಾಕಿದಾಗ ಪೆಟ್ರೋಲಿನ ಪಾಲು ಹೆಚ್ಚಾಗಿ ಇಂಜಿನ್ ಹೊತ್ತಿಕೊಳ್ಳುತ್ತದೆ.

ಕ್ರಮವಾಗಿ ನೋಡಿ

1. ಪೆಟ್ರೋಲ್: ಟ್ಯಾಂಕಿನಲ್ಲಿ ಇದೆಯೇ? ಕಾಕ್ ತೆರೆದಿದೆಯೇ? ವಾರಗಟ್ಟಲೆ ನಿಂತ ಬೈಕ್ ಆದರೆ ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಹಳೆ ಪೆಟ್ರೋಲ್ ಇಳಿಸಿ. ನೀರು, ಕಸ ಇದ್ದರೆ ಅಲ್ಲೇ ಕಾಣ್ತದೆ.

2. ಚೋಕ್: ಪೂರ್ತಿ ಹಾಕಿ, ಎಕ್ಸಲರೇಟರ್ ತಿರುಗಿಸದೆ ಕಿಕ್ ಹೊಡೆಯಿರಿ. ಇಂಜಿನ್ ಹಿಡಿದು ಸ್ವಲ್ಪ ಬಿಸಿಯಾದ ಮೇಲೆ ಚೋಕ್ ತೆಗೆಯಲೇಬೇಕು. ಇಲ್ಲದಿದ್ದರೆ ಪೆಟ್ರೋಲೂ ಹಾಳು, ಪ್ಲಗ್ಗೂ ಕಪ್ಪು.

3. ಓವರ್‌ಫ್ಲೋ: ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಇಂಜಿನ್‌ಗೆ ಪೆಟ್ರೋಲ್ ಹೆಚ್ಚಾಗಿದೆ. ಆಗ ಚೋಕ್ ತೆಗೆದು, ಎಕ್ಸಲರೇಟರ್ ಪೂರ್ತಿ ತಿರುಗಿಸಿ ಕೆಲವು ಸಲ ಕಿಕ್ ಹೊಡೆಯಿರಿ.

4. ಪ್ಲಗ್: ಬಿಚ್ಚಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಸರಿ. ಒದ್ದೆಯಾಗಿದ್ದರೆ ಒರೆಸಿ ಒಣಗಿಸಿ. ಕಪ್ಪು ಮಸಿ ಹಿಡಿದಿದ್ದರೆ ಉಜ್ಜಿ, ಏರ್ ಫಿಲ್ಟರ್ ಕಟ್ಟಿದೆಯೇ ಎಂದೂ ನೋಡಿ. ತುದಿ ಸವೆದಿದ್ದರೆ ಹೊಸದು ಹಾಕಿ. ಇಡೀ ಕಾರ್ಬೊರೇಟರ್‌ಗೆ ಹೋಲಿಸಿದರೆ ಇದು ಸಣ್ಣ ಖರ್ಚು.

5. ಬ್ಯಾಟರಿ: ಬಟನ್ ಒತ್ತಿದಾಗ ಬರೇ 'ಟಿಕ್ ಟಿಕ್' ಅಂದರೆ ಬ್ಯಾಟರಿ ಸೋತಿರಬಹುದು. ಬಟನನ್ನೇ ಒತ್ತುತ್ತಾ ಕೂರದೆ ಕಿಕ್ ಬಳಸಿ.

ಇಷ್ಟಾದರೂ ಆಗದಿದ್ದರೆ ಮೆಕ್ಯಾನಿಕ್ ಬಳಿ ಹೋಗಿ. "ಬಿಸಿ ಇದ್ದಾಗ ಸರಿ ಇದೆ, ಬೆಳಗ್ಗೆ ಮಾತ್ರ ಆಗುವುದಿಲ್ಲ, ಪ್ಲಗ್, ಪೆಟ್ರೋಲ್ ನೋಡಿದ್ದೇವೆ" ಎಂದು ಬಿಡಿಸಿ ಹೇಳಿ. ಸ್ಲೋ ಜೆಟ್ ಕ್ಲೀನ್ ಮಾಡಿ, ಟ್ಯಾಪೆಟ್ ಸೆಟ್ಟಿಂಗ್ ನೋಡಲು ಕೇಳಿ. ಟ್ಯಾಪೆಟ್ ಬಿಗಿಯಾದರೂ ತಣ್ಣಗಿನ ಇಂಜಿನ್ ಹಿಡಿಯುವುದಿಲ್ಲ. ಏನನ್ನಾದರೂ ಬದಲಿಸಬೇಕೆಂದರೆ ಕಾರಣ ಕೇಳಿ, ಹಳೆ ಭಾಗವನ್ನು ತೋರಿಸಲು ಹೇಳಿ. ಕೇಳುವುದು ನಮ್ಮ ಹಕ್ಕು.

ಜೀವಕ್ಕಿಂತ ಬೈಕ್ ದೊಡ್ಡದಲ್ಲ

ಚಳಿಯೆಂದು ಬಾಗಿಲು ಹಾಕಿದ ಕೋಣೆಯಲ್ಲಿ, ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿಗೆ ಹೋದರೆ ಪ್ರಾಣವನ್ನೇ ತೆಗೆಯಬಲ್ಲದು. ಇಂಜಿನ್ ಬಿಸಿ ಮಾಡಲು ಬೆಂಕಿ ಹಿಡಿಯಬೇಡಿ. ಪೆಟ್ರೋಲ್ ಇಳಿಸುವಾಗ ಬೀಡಿ, ದೀಪ, ಒಲೆ ಹತ್ತಿರ ಇರಕೂಡದು, ಇಂಜಿನ್ ತಣ್ಣಗಿರಲಿ.

ಸಭೆಯಲ್ಲಿ ಚರ್ಚಿಸಿ

• ನಮ್ಮ ಮನೆಯಲ್ಲಿ ಪ್ಲಗ್ ಬಿಚ್ಚಲು ಯಾರಿಗೆ ಬರ್ತದೆ? ಹೆಣ್ಣುಮಕ್ಕಳಿಗೂ ಕಲಿಸಿದ್ದೇವೆಯೇ?
• ಕಳೆದ ವರ್ಷ ಗಾಡಿ ರಿಪೇರಿಗೆ ಎಷ್ಟು ಖರ್ಚಾಯಿತು? ಲೆಕ್ಕ ಬರೆದಿಟ್ಟಿದ್ದೇವೆಯೇ?
• ರಾತ್ರಿ ಹೊತ್ತು ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದರೆ ನಮ್ಮ ಊರಿನಲ್ಲಿ ಯಾರ ಗಾಡಿ ಸಿದ್ಧವಿದೆ? 108ಕ್ಕೆ ಫೋನ್ ಮಾಡಬೇಕೆಂಬುದು ಎಲ್ಲರಿಗೂ ಗೊತ್ತಿದೆಯೇ?