ವಿಮಾ ಬ್ರೋಕರ್ ಯಾರ ಪರ?

ತಮ್ಮ ಕಾರ್ಯಾಗಾರದ ಅಗ್ನಿವಿಮೆಗೆ ಬ್ರೋಕರ್ ಒಂದೇ ಕಂಪನಿಯ ಹೆಸರನ್ನು ಮತ್ತೆ ಮತ್ತೆ ಮುಂದಿಡುತ್ತಿರುವುದೇಕೆ ಎಂದು ಕೇಳಿರುವ ಓದುಗರ ಶಂಕೆ ಸಕಾರಣವಾದುದು. ಏಜೆಂಟ್ ಎಂಬವನು ವಿಮಾ ಕಂಪನಿಯ ಪ್ರತಿನಿಧಿ. ಬ್ರೋಕರ್ ಆದರೋ ಹಲವು ಕಂಪನಿಗಳ ಷರತ್ತುಗಳನ್ನು ಗ್ರಾಹಕನ ಪರವಾಗಿ ತೂಗಿನೋಡಬೇಕಾದವನು. ಹಾಗಿದ್ದರೂ ಅವನ ಸಂಭಾವನೆ, ಅಂದರೆ ಪ್ರೀಮಿಯಂನ ಒಂದಂಶವಾದ ಕಮಿಷನ್, ಸಾಮಾನ್ಯವಾಗಿ ಕಂಪನಿಯಿಂದಲೇ ಬರುವುದರಿಂದ ಕರ್ತವ್ಯ ಒಂದೆಡೆ, ಆದಾಯ ಇನ್ನೊಂದೆಡೆ ಎಳೆಯುತ್ತವೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2023ರಲ್ಲಿ ವಿಮೆಯ ಬಗೆಗೊಂದರಂತೆ ಇದ್ದ ಕಮಿಷನ್ ಮಿತಿಗಳನ್ನು ಕೈಬಿಟ್ಟು, ಕಂಪನಿಯ ಒಟ್ಟು ನಿರ್ವಹಣಾ ವೆಚ್ಚಕ್ಕೆ ಮಾತ್ರ ಮಿತಿ ಹಾಕಿದ ಮೇಲೆ ಈ ಸೆಳೆತ ಬಲಗೊಳ್ಳಲು ಅವಕಾಶ ಹೆಚ್ಚಿದೆ. ಇದು ಗ್ರಾಹಕರ ದೃಷ್ಟಿಯಿಂದ ನಿಜಕ್ಕೂ ಕಳವಳಕಾರಿ.

2018ರ ಬ್ರೋಕರ್ ನಿಯಮಾವಳಿಯ ನಡತೆ ಸಂಹಿತೆಯ ಪ್ರಕಾರ ಗ್ರಾಹಕ ಕೇಳಿದಾಗ ಬ್ರೋಕರ್ ತನ್ನ ಸಂಭಾವನೆಯನ್ನು ತಿಳಿಸಬೇಕು. ಆದ್ದರಿಂದ ಓದುಗರು ಕನಿಷ್ಠ ಮೂರು ಕಂಪನಿಗಳ ದರಪಟ್ಟಿ, ಪ್ರತಿಯೊಂದರ ಕಮಿಷನ್ ಹಾಗೂ ಶಿಫಾರಸಿನ ಕಾರಣವನ್ನು ಲಿಖಿತವಾಗಿ ಕೇಳುವುದು ಒಳಿತು. ಪ್ರೀಮಿಯಂಗಿಂತಲೂ ಮುಖ್ಯವಾದುದು ಕ್ಲೇಮಿನ ಹೊತ್ತು: ಹಾನಿ ಪರಿಹಾರವನ್ನು ಕಂಪನಿ ಕಡಿತಗೊಳಿಸಿದಾಗ ಅದರೊಡನೆ ವಾದಿಸಲು ಬ್ರೋಕರ್ ಸಿದ್ಧನಿದ್ದಾನೆಯೇ ಎಂಬುದನ್ನು ಅವನ ಹಳೆಯ ಗ್ರಾಹಕರಿಂದಲೇ ವಿಚಾರಿಸಬೇಕು. ವಿಮಾ ದೂರುಗಳನ್ನು ಆಲಿಸುವ ಒಂಬುಡ್ಸ್‌ಮನ್‌ಗೆ ಸಂಬಂಧಿಸಿದ ನಿಯಮಗಳ 2021ರ ತಿದ್ದುಪಡಿಯ ಬಳಿಕ ಬ್ರೋಕರ್‌ನ ಸೇವಾಲೋಪದ ವಿರುದ್ಧವೂ ಅಲ್ಲಿ ದೂರು ಸಲ್ಲಿಸಬಹುದು. ಕಾರ್ಯಾಗಾರವು ಏಕವ್ಯಕ್ತಿ ಮಾಲೀಕತ್ವದ್ದೋ ಅತಿಸಣ್ಣ ಉದ್ಯಮವೋ ಆಗಿದ್ದರೆ ಒಂಬುಡ್ಸ್‌ಮನ್‌ರ ಬೆಂಗಳೂರಿನ ಕಚೇರಿ ಈ ಓದುಗರಿಗೂ ತೆರೆದಿದೆ.