ಹೆರಿಗೆಯ ತರುವಾಯ ವಂಕಿ: ತಾಯಂದಿರು ತಿಳಿಯತಕ್ಕ ವಿಷಯ

ಚೆಂಬೂರಿನ ನಮ್ಮ ಮನೆಗಳಿಂದ ಚೊಚ್ಚಲ ಹೆರಿಗೆಗೆಂದು ಊರಿಗೆ ಹೋಗುವ ಹೆಣ್ಣುಮಕ್ಕಳು ಈಗಲೂ ಉಂಟು. ಬಾಣಂತಿ ಮದ್ದು, ತೊಟ್ಟಿಲು, ಎಣ್ಣೆ ನೀರು ಎಲ್ಲವೂ ಮೊದಲೇ ಸಿದ್ಧವಾಗುತ್ತವೆ. ಮುಂದಿನ ಮಗು ಯಾವಾಗ ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಹೆರಿಗೆಯಾದ ಮೇಲೆ ಮುಟ್ಟು ಮರಳುವ ಮುನ್ನವೇ ಗರ್ಭ ನಿಲ್ಲಬಹುದು. ಎರಡರ ನಡುವೆ ಕನಿಷ್ಠ 24 ತಿಂಗಳ ಅಂತರವಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈ ವಿಚಾರ ನಮ್ಮವರಿಗೆ ಹೊಸತಲ್ಲ. ಮುಂಬಯಿಯಲ್ಲಿ ರ. ಧೋ. ಕರ್ವೆಯವರು 1921ರಲ್ಲಿಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದರು. ಮೈಸೂರು ಸಂಸ್ಥಾನವು 1930ರಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಏರ್ಪಾಡು ಮಾಡಿತು. ಹುಬ್ಬಳ್ಳಿಯಲ್ಲಿ ಹುಟ್ಟಿದ ಧನವಂತಿ ರಾಮರಾವ್ ಅವರ ಮುಂದಾಳುತನದಲ್ಲಿ 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವು ಮುಂಬಯಿಯಲ್ಲಿ ಸ್ಥಾಪನೆಯಾಯಿತು. 1965ರಲ್ಲಿ ಸರಕಾರವು ಲಿಪ್ಪೆಸ್ ಲೂಪ್ ಎಂಬ ಪ್ಲಾಸ್ಟಿಕ್ ವಂಕಿಯನ್ನು ದೇಶದಲ್ಲೆಲ್ಲ ಹಂಚಿತು. ರಕ್ತಸ್ರಾವವಾದೀತೆಂದು ಮೊದಲೇ ತಿಳಿಸದೆ, ಆಮೇಲೆ ವಿಚಾರಿಸದೆ ಹಾಕಿದ ಕಡೆಗಳಲ್ಲಿ ಹೆಂಗಸರ ನಂಬಿಕೆ ಕೆಟ್ಟಿತು. ತಿಳಿವಳಿಕೆ ಕೊಡದೆ ಸಾಧನ ಕೊಟ್ಟರೆ ಫಲವಿಲ್ಲವೆಂಬ ಪಾಠ ಇದರಿಂದ ದೊರೆಯಿತು.

ಈಗಿನ ವಂಕಿ ತಾಮ್ರದ ತಂತಿ ಸುತ್ತಿದ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ಸಣ್ಣ ಸಾಧನ. ತಾಮ್ರವು ವೀರ್ಯಾಣುಗಳ ಬಲ ಕುಗ್ಗಿಸಿ ಗರ್ಭ ಕಟ್ಟದಂತೆ ತಡೆಯುತ್ತದೆ. ಕಾಪರ್-ಟಿ 380ಎ 10 ವರ್ಷ, 375 ಐದು ವರ್ಷ ಕೆಲಸ ಮಾಡುತ್ತದೆ. ಎದೆಹಾಲಿಗೆ ಬಾಧಕವಿಲ್ಲ; ತೆಗೆಸಿದರೆ ಮತ್ತೆ ಗರ್ಭಿಣಿಯಾಗಬಹುದು. ಮಾಸು ಬಿದ್ದ 10 ನಿಮಿಷದೊಳಗೆ, ಸಿಸೇರಿಯನ್ ಆದರೆ ಆ ಶಸ್ತ್ರಕ್ರಿಯೆಯಲ್ಲಿಯೇ, ಇಲ್ಲವೆ 48 ಗಂಟೆಯೊಳಗೆ ಹಾಕುತ್ತಾರೆ. ಆ ಅವಧಿ ಮೀರಿದರೆ ಆರು ವಾರ ಕಾಯಬೇಕು. ಸೋಂಕು ಇದ್ದರೆ, ನೀರು ಒಡೆದು 18 ಗಂಟೆಗೂ ಹೆಚ್ಚಾಗಿದ್ದರೆ, ರಕ್ತಸ್ರಾವ ನಿಲ್ಲದಿದ್ದರೆ ಆಗ ಹಾಕಲಾಗದು.

ದೋಷವನ್ನೂ ಮರೆಮಾಚಬಾರದು. ಹೆರಿಗೆಯ ಕೂಡಲೇ ಹಾಕಿದ ವಂಕಿ ಜಾರಿಬೀಳುವ ಸಂಭವ ಆರು ವಾರದ ಮೇಲೆ ಹಾಕಿದ್ದಕ್ಕಿಂತ ಹೆಚ್ಚು. ಮುಟ್ಟಿನ ಸ್ರಾವ, ಹೊಟ್ಟೆನೋವು ಕೆಲವರಿಗೆ ಹೆಚ್ಚಾಗುವುದುಂಟು. ಲೈಂಗಿಕ ರೋಗಗಳಿಂದ ಇದು ಕಾಪಾಡದು.

ನೋವು ತಿನ್ನುತ್ತಿರುವ ಹೊತ್ತಿನಲ್ಲಿ ಒಪ್ಪಿಗೆ ಕೇಳಿದರೆ ಅದು ಒಪ್ಪಿಗೆಯಲ್ಲ. ಆದುದರಿಂದ ಗರ್ಭಿಣಿಯಾಗಿರುವಾಗಲೇ ವೈದ್ಯರಲ್ಲಿ ವಿಚಾರಿಸಿ ತೀರ್ಮಾನಿಸಬೇಕು. ಆ ತೀರ್ಮಾನ ಅವಳದೇ. ಅತ್ತೆಯದಲ್ಲ, ತಾಯಿಯದಲ್ಲ, ದಾದಿಯದೂ ಅಲ್ಲ. ಬೇಡವೆನ್ನುವ ಹಕ್ಕೂ ಅವಳಿಗುಂಟು.

ನೆನಪಿಡತಕ್ಕ ಅಂಶಗಳು:

1. ವಂಕಿಯ ಹೆಸರು, ಹಾಕಿದ ದಿನ, ತೆಗೆಸಬೇಕಾದ ವರ್ಷ ಬರೆದ ಚೀಟಿಯನ್ನು ಕೇಳಿ ಪಡೆಯಿರಿ.

2. ಆರನೆಯ ವಾರ ಪರೀಕ್ಷೆಯಾಗಬೇಕು. ಬಾಣಂತನ ಊರಿನಲ್ಲಾದರೆ ಅಲ್ಲಿಯೇ ತೋರಿಸಿ. ಮರಳುವಾಗ ಚೀಟಿಯನ್ನು ಮಗುವಿನ ಲಸಿಕೆಯ ಕಾರ್ಡಿನೊಡನೆ ತನ್ನಿ.

3. ಜ್ವರ, ದುರ್ವಾಸನೆಯ ಸ್ರಾವ, ಕಡು ಹೊಟ್ಟೆನೋವು ಕಂಡರೆ ಅಥವಾ ವಂಕಿ ಬಿದ್ದಿದೆ ಎನಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.